ಅರವತ್ತು ದಾಟಿದವರಿಗೆ ಎಆರ್‌ಟಿ ಕೇಂದ್ರ ಹೇಗಿದೆ: ಹತ್ತೊಂಬತ್ತು ವರ್ಷ ಬಳಸಿದವಳ ವಿಮರ್ಶೆ

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳಿಂದ ಜನ ಬಂದು ಹೋಗುವ ಒಂದು ಸರ್ಕಾರಿ ಎಆರ್‌ಟಿ (ಎಚ್‌ಐವಿ ವೈರಸ್ಸನ್ನು ಹತೋಟಿಯಲ್ಲಿಡುವ ಔಷಧ ಚಿಕಿತ್ಸೆ) ಕೇಂದ್ರದಲ್ಲಿ ನಾನು 2006ರಿಂದ ಎಚ್‌ಐವಿಗೆ ಚಿಕಿತ್ಸೆ ಪಡೆಯುತ್ತಿದ್ದೇನೆ. ಆಗ ನನಗೆ ನಲವತ್ತಮೂರು ವರ್ಷ, ಈಗ ಅರವತ್ತೆರಡು. ಖಾನಾವಳಿ, ಬಟ್ಟೆ ಅಂಗಡಿ, ಖಾಸಗಿ ಆಸ್ಪತ್ರೆಗಳ ಬಗ್ಗೆ ತಮ್ಮ ಅನುಭವ ಬರೆಯುವವರು ಬಹಳ ಜನ ಇದ್ದಾರೆ. ಇಂಥ ಕೇಂದ್ರದ ಬಗ್ಗೆ ಅದನ್ನು ಬಳಸುವವರೇ ಕನ್ನಡದಲ್ಲಿ ಬರೆದದ್ದನ್ನು ನಾನು ಓದಿದ ನೆನಪಿಲ್ಲ. ಏಕಿಲ್ಲ ಎಂಬುದು ಎಲ್ಲರಿಗೂ ತಿಳಿದ ವಿಷಯ. ನಾನೂ ಹೆಸರು ಹಾಕದೆಯೇ ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನೂ ಹೇಳುವುದಿಲ್ಲ, ಏಕೆಂದರೆ ನಾನು ಇಲ್ಲಿ ಎತ್ತುವ ಕೊರತೆಗಳಿಗೆ ಅಲ್ಲಿ ಕುಳಿತು ದುಡಿಯುವ ಆರೇಳು ಜನ ಹೊಣೆಗಾರರಲ್ಲ. ಅವರ ಕೈಗೆ ಕೊಟ್ಟಿರುವ ನಮೂನೆ, ಸಮಯ ಮತ್ತು ಅಧಿಕಾರ ಅಷ್ಟೇ ಇದೆ.

ಮೊದಲು ಸಲ್ಲಬೇಕಾದ ಋಣವನ್ನು ಸಲ್ಲಿಸುತ್ತೇನೆ. 2003ರಲ್ಲಿ ನಮ್ಮ ಯಜಮಾನರು ತೀರಿಕೊಂಡಾಗ ಈ ಔಷಧ ಸರ್ಕಾರಿ ದವಾಖಾನೆಯಲ್ಲಿ ಉಚಿತವಾಗಿ ಸಿಗುತ್ತಿರಲಿಲ್ಲ. ಉಚಿತ ಎಆರ್‌ಟಿ ಕಾರ್ಯಕ್ರಮ ಶುರುವಾದದ್ದು 2004ರ ಏಪ್ರಿಲ್ 1ರಂದು, ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದೆಹಲಿಯ ಎಂಟು ಆಸ್ಪತ್ರೆಗಳಲ್ಲಿ. ಆ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನನ್ನ ಸಿಡಿ4 ಎಣಿಕೆ, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ, 160ಕ್ಕೆ ಇಳಿದಿತ್ತು. ಆ ವರ್ಷಗಳಲ್ಲಿ ಅದು 200ಕ್ಕಿಂತ ಕೆಳಗೆ ಬಿದ್ದವರಿಗೆ ಮಾತ್ರ ಸಾಮಾನ್ಯವಾಗಿ ಗುಳಿಗೆ ಕೊಡುತ್ತಿದ್ದರು. ಮುಂದೆ ಆ ಗೆರೆ 350ಕ್ಕೆ, 500ಕ್ಕೆ ಏರುತ್ತಾ ಹೋಗಿ, 2017ರಲ್ಲಿ ಎಣಿಕೆ ಎಷ್ಟೇ ಇದ್ದರೂ ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂತು. ಈ ಕೇಂದ್ರ ಇಲ್ಲದಿದ್ದರೆ ನಾನು ನಿವೃತ್ತಿಯ ದಿನ ಶಾಲೆಯಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಬರುತ್ತಿರಲಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಗುಳಿಗೆ ಇಲ್ಲವೆಂದು ನನ್ನನ್ನು ಬರಿಗೈಯಲ್ಲಿ ಕಳಿಸಿದ್ದು ಒಮ್ಮೆಯೂ ಇಲ್ಲ, ಯಾರೂ ಒಂದು ರೂಪಾಯಿ ಕೇಳಿದ್ದೂ ಇಲ್ಲ. ಸೇವೆಯ ಈ ಭಾಗಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಒಂದು ಭೇಟಿ ಹೇಗಿರುತ್ತದೆ ಎಂದರೆ, ಬೆಳಿಗ್ಗೆ ಒಂಬತ್ತೂವರೆಯ ಒಳಗೆ ಹೋಗಿ ಹಸಿರು ಪುಸ್ತಕವನ್ನು ಮೇಜಿನ ಮೇಲೆ ಇಡಬೇಕು. ಅದು ನಮ್ಮ ಬಳಿ ಇರುವ ದಾಖಲೆ. ಕೇಂದ್ರದಲ್ಲಿ ಉಳಿಯುವುದು ಬಿಳಿ ಕಾರ್ಡು. ನನ್ನ ಪುಸ್ತಕಕ್ಕೆ ಶಾಲೆಯ ಪುಸ್ತಕಕ್ಕೆ ಹಾಕುವಂತೆ ಕಂದು ಬಣ್ಣದ ರಟ್ಟು ಹಾಕಿದ್ದೇನೆ. ತೂಕ ನೋಡುತ್ತಾರೆ, ಆಪ್ತಸಮಾಲೋಚಕಿ ಎರಡು ಮಾತು ಕೇಳುತ್ತಾರೆ, ಡಾಕ್ಟರು ಸಹಿ ಹಾಕುತ್ತಾರೆ, ಔಷಧ ಕೊಡುವ ಕಿಟಕಿಯಲ್ಲಿ ಮೂರು ತಿಂಗಳ ಗುಳಿಗೆ ಸಿಗುತ್ತದೆ. ಪ್ರತಿ ತಿಂಗಳು ಬರಬೇಕಿದ್ದ ಕಾಲಕ್ಕೆ ಹೋಲಿಸಿದರೆ ಸ್ಥಿರವಾಗಿರುವವರಿಗೆ ಮೂರು ತಿಂಗಳದ್ದು ಒಮ್ಮೆಗೇ ಕೊಡುವುದು ದೊಡ್ಡ ಉಪಕಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಖರ್ಚೂ ಇಲ್ಲ. ಕೂಲಿ ಬಿಟ್ಟು ನವಲಗುಂದದ ಕಡೆಯಿಂದ, ಶಿಗ್ಗಾವಿಯ ಕಡೆಯಿಂದ ಬರುವ ಹೆಂಗಸರಿಗೆ ಇದು ಎಷ್ಟು ದೊಡ್ಡದು ಎಂಬುದನ್ನು ಅವರ ಬಾಯಲ್ಲೇ ಕೇಳಬೇಕು.

ಕಳೆದ ಸಲ ಪಾಳಿಯಲ್ಲಿ ನನ್ನ ಪಕ್ಕ ಅಂಥ ಒಬ್ಬರು ಕುಳಿತಿದ್ದರು. ನನಗಿಂತ ನಾಲ್ಕೈದು ವರ್ಷ ಹಿರಿಯರು ಇರಬೇಕು. ಮೂರು ಡಬ್ಬಿ ಕೈಗೆ ಬಂದ ಕೂಡಲೇ ಅವರು ಒಂದೊಂದರ ಮುಚ್ಚಳ ತೆಗೆದು, ಸೆರಗಿನ ಗಂಟಿನಿಂದ ಸ್ವಲ್ಪ ಸ್ವಲ್ಪ ಅರಳೆ ಹರಿದು ಒಳಗೆ ತುರುಕಿ, ಮುಚ್ಚಳ ಹಾಕಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ನಾನು ನೋಡುತ್ತಿರುವುದನ್ನು ಕಂಡು, "ಅಕ್ಕೋರ, ನೀವೂ ಇಟ್ಟಕೋರಿ. ಇಲ್ಲಂದ್ರ ಬಸ್ಸಿನ್ಯಾಗ ಖಡಖಡ ಸಪ್ಪಳಾ ಮಾಡತಾವ, ಮಂದಿ ಹೊಳ್ಳಿ ನೋಡತಾರ" ಎಂದು ನನ್ನ ಕೈಗೂ ಒಂದಿಷ್ಟು ಅರಳೆ ಕೊಟ್ಟರು. ಎರಡು ದಶಕಗಳ ನಂತರವೂ, ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ ಎಂಬುದು ಸಂಶಯವಿಲ್ಲದೆ ಸಾಬೀತಾದ ನಂತರವೂ, ಅರವತ್ತಾರು ವರ್ಷದ ಒಬ್ಬ ಹೆಣ್ಣುಮಗಳು ಗುಳಿಗೆಯ ಸಪ್ಪಳಕ್ಕೆ ಹೆದರಿ ಬಸ್ಸು ಹತ್ತುತ್ತಾಳೆ. ಮುಪ್ಪಿನ ಮಾತು ಎತ್ತುವಾಗ ಈ ಹೆದರಿಕೆಯೂ ಅದರೊಳಗೆ ಸೇರಿದೆ ಎಂಬುದನ್ನು ಮರೆಯಬಾರದು. ಮಕ್ಕಳು ಬೇರೆಯಾದ ಮೇಲೆ, ಮೊಣಕಾಲು ಹಿಡಿದ ಮೇಲೆ, ಗುಳಿಗೆ ತಂದುಕೊಡಲು ಯಾರನ್ನು ಕಳಿಸಬೇಕು? ಗುಟ್ಟು ಗೊತ್ತಿದ್ದವರೇ ಬೇಕು, ಅವರು ಎಲ್ಲರಿಗೂ ಇರುವುದಿಲ್ಲ.

ಇನ್ನು ಕೊರತೆಯ ವಿಷಯ. ಕೇಂದ್ರದಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳು 2006ರಲ್ಲಿ ಯಾವುವಿದ್ದವೋ ಹೆಚ್ಚುಕಡಿಮೆ ಇಂದಿಗೂ ಅವೇ. ಗುಳಿಗೆ ತಪ್ಪಿಸಿದ್ದೀರಾ, ಕೆಮ್ಮು ಇದೆಯೇ, ಜ್ವರ ಇದೆಯೇ, ತೂಕ ಇಳಿದಿದೆಯೇ. ಕ್ಷಯ ನಮ್ಮವರನ್ನು ಎಷ್ಟು ಜನರನ್ನು ಕೊಂಡೊಯ್ದಿದೆ ಎಂದು ನೋಡಿದವಳು ನಾನು. ಈ ಪ್ರಶ್ನೆಗಳು ಬೇಡ ಎನ್ನುವುದಿಲ್ಲ. ವರ್ಷಕ್ಕೊಮ್ಮೆ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ನೋಡುತ್ತಾರೆ, ಆರು ತಿಂಗಳಿಗೊಮ್ಮೆ ಮೂತ್ರಪಿಂಡದ ಕ್ರಿಯಾಟಿನಿನ್ ನೋಡುತ್ತಾರೆ, ಅದೂ ಸರಿಯಾಗಿಯೇ ನಡೆದಿದೆ. ಆದರೆ ನನ್ನ ತೂಕ ಈಗ ಇಳಿಯುತ್ತಿಲ್ಲ, ಏರುತ್ತಿದೆ. ಬಿದ್ದಿದ್ದೀರಾ ಎಂದು ಯಾರೂ ಕೇಳುವುದಿಲ್ಲ. ಮರೆವು ಹೆಚ್ಚಾಗಿದೆಯೇ, ಮನೆಯಲ್ಲಿ ಯಾರಿದ್ದಾರೆ, ರಾತ್ರಿ ನಿದ್ದೆ ಬರುತ್ತದೆಯೇ, ಬೇರೆ ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳುವ ಜಾಗ ಆ ನಮೂನೆಯಲ್ಲಿ ನನಗೆ ಕಂಡಿಲ್ಲ. ವೈರಸ್ಸಿನ ಲೆಕ್ಕ ಚೊಕ್ಕವಾಗಿದೆ, ಆ ವೈರಸ್ಸನ್ನು ಹೊತ್ತು ಮುದಿಯಾಗುತ್ತಿರುವ ಮೈಯ ಲೆಕ್ಕ ಯಾರ ಬಳಿಯೂ ಇಲ್ಲ.

ಆ ಮೈಯ ಮೇಲೆ ಹಳೆಯ ಔಷಧಗಳ ಗುರುತುಗಳೂ ಇವೆ. ನಾನು ಶುರು ಮಾಡಿದ್ದು ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಮೂರೂ ಸೇರಿದ ಗುಳಿಗೆಯಿಂದ. ಸ್ಟಾವುಡಿನ್ ಜೀವ ಉಳಿಸಿತು. ಜೊತೆಗೆ ಕೆನ್ನೆ, ಕೈಕಾಲುಗಳ ಕೊಬ್ಬನ್ನು ಕರಗಿಸಿತು, ಪಾದದ ನರಗಳನ್ನು ಸುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ಅದನ್ನು ಹಂತಹಂತವಾಗಿ ಕೈಬಿಡಲು ಹೇಳಿತು, ನನಗೂ ಮುಂದೆ ಬದಲಾಯಿಸಿಕೊಟ್ಟರು. ಆದರೆ ಹೋದ ನರ ಮರಳಿ ಬರಲಿಲ್ಲ. ಇಂದಿಗೂ ಚಪ್ಪಲಿ ಕಾಲಿನಿಂದ ಜಾರಿದ್ದು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ನೆಲ ಬಿಸಿ ತಾಗಿದಾಗ ತಿಳಿಯುತ್ತದೆ. ವಯಸ್ಸಾದವರಿಗೆ ಇದು ಬೀಳುವ ದಾರಿ. ಮೂಳೆಯ ಸಾಂದ್ರತೆಯನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುವ ಟೆನೊಫೊವಿರ್ ಈಗ ನಮ್ಮಲ್ಲಿ ಬಹುಪಾಲು ಜನರ ಗುಳಿಗೆಯಲ್ಲಿ ಇದೆ; ಮುಟ್ಟು ನಿಂತ ಹೆಂಗಸರ ಮೂಳೆ ಮೊದಲೇ ತೆಳುವಾಗುತ್ತಿರುತ್ತದೆ. ಬೀಳುವ ಕಾಲು, ಮುರಿಯುವ ಮೂಳೆ ಎರಡೂ ಒಬ್ಬಳಲ್ಲೇ ಇರುವಾಗ, ಅದನ್ನು ಕೂಡಿಸಿ ನೋಡುವ ಒಬ್ಬ ವೈದ್ಯರು ಬೇಕಲ್ಲವೇ?

ನನಗೇ ಆದ ಒಂದು ಪ್ರಸಂಗವನ್ನು ವಿವರವಾಗಿ ಹೇಳಬೇಕು. ಎರಡು ವರ್ಷಗಳ ಹಿಂದೆ ಮೊಣಕಾಲು ನೋವೆಂದು ಒಬ್ಬ ಖಾಸಗಿ ವೈದ್ಯರಿಗೆ ತೋರಿಸಿದೆ. ನನ್ನ ಸ್ಥಿತಿಯನ್ನು ಅವರಿಗೆ ಹೇಳಲು ಧೈರ್ಯ ಬರಲಿಲ್ಲ. ಅವರು ಕ್ಯಾಲ್ಸಿಯಂ ಗುಳಿಗೆ ಬರೆದುಕೊಟ್ಟರು. ಎರಡನ್ನೂ ಒಟ್ಟಿಗೆ ನುಂಗಿದರೆ ಮರೆಯುವುದಿಲ್ಲವೆಂದು ನಾನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಟಿಎಲ್‌ಡಿ (ನಾನು ಈಗ ಎಚ್‌ಐವಿಗೆ ನುಂಗುವ, ಮೂರು ಔಷಧ ಸೇರಿದ ಗುಳಿಗೆ) ಜೊತೆಗೇ ಅದನ್ನು ತೆಗೆದುಕೊಳ್ಳುತ್ತಾ ಬಂದೆ. ಏಳು ತಿಂಗಳಾದ ಮೇಲೆ ಔಷಧ ಕೊಡುವ ಕಿಟಕಿಯಲ್ಲಿದ್ದ ಹುಡುಗ ನನ್ನ ಚೀಲದಲ್ಲಿ ಆ ಕ್ಯಾಲ್ಸಿಯಂ ಗುಳಿಗೆಗಳನ್ನು ಕಂಡು, "ಟೀಚರ್, ಇದನ್ನ ಯಾವಾಗ ತಗೋತೀರಿ?" ಎಂದು ಕೇಳಿದ. ಆಗಲೇ ನನಗೆ ತಿಳಿದದ್ದು, ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಬರಿಹೊಟ್ಟೆಯಲ್ಲಿ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಗುಳಿಗೆಗೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ ಎಂದು. ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಅದನ್ನು ತೆಗೆದುಕೊಳ್ಳಬೇಕು, ಇಲ್ಲವೇ ಎರಡನ್ನೂ ಊಟದ ಜೊತೆಗೆ ತೆಗೆದುಕೊಳ್ಳಬೇಕು. ಎದೆಯುರಿಗೆ ಕುಡಿಯುವ ಆಂಟಾಸಿಡ್ ವಿಷಯದಲ್ಲಿ ಊಟದ ರಿಯಾಯಿತಿಯೂ ಇಲ್ಲ, ಗಂಟೆಗಳ ಅಂತರ ಇರಲೇಬೇಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಜೊತೆಗಿದ್ದರೆ ಅದರ ಪ್ರಮಾಣವನ್ನು ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಗೊಡಬಾರದು. ಇವು ಗುಟ್ಟಿನ ವಿದ್ಯೆಗಳಲ್ಲ, ಚಿಕಿತ್ಸೆಯ ಕೈಪಿಡಿಗಳಲ್ಲಿ ಇರುವ ಮಾತುಗಳು. ಆದರೆ ಒಬ್ಬ ಹುಡುಗನ ಕಣ್ಣಿಗೆ ಅಕಸ್ಮಾತ್ತಾಗಿ ಬಿದ್ದದ್ದರಿಂದ ನನಗೆ ಗೊತ್ತಾಯಿತು. ಐವತ್ತು ದಾಟಿದವರ ಮನೆಯಲ್ಲಿ ಬಿಪಿಯದ್ದು, ಸಕ್ಕರೆಯದ್ದು, ಮೂಳೆಯದ್ದು ಎಂದು ನಾಲ್ಕೈದು ಬಗೆಯ ಗುಳಿಗೆ ಇದ್ದೇ ಇರುತ್ತವೆ. ಎಲ್ಲವನ್ನೂ ಒಂದು ಮೇಜಿನ ಮೇಲೆ ಸುರುವಿ ನೋಡುವ ಹತ್ತು ನಿಮಿಷ, ವರ್ಷಕ್ಕೊಮ್ಮೆಯಾದರೂ, ಈ ಸೇವೆಯ ಭಾಗವಾಗಬೇಕು.

ಹೃದಯದ ವಿಷಯ ಇದಕ್ಕಿಂತ ಗಂಭೀರ. ಎಚ್‌ಐವಿ ಇರುವವರಲ್ಲಿ, ವೈರಸ್ಸು ಹತೋಟಿಯಲ್ಲಿದ್ದರೂ, ದೇಹದಲ್ಲಿ ಸಣ್ಣ ಮಟ್ಟದ ಉರಿಯೂತ ಉಳಿದೇ ಇರುತ್ತದೆ. ಹೃದಯಾಘಾತದ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಎಂದು ಅಧ್ಯಯನಗಳು ಹೇಳುತ್ತವೆ. 2023ರಲ್ಲಿ ಪ್ರಕಟವಾದ ರಿಪ್ರೀವ್ ಎಂಬ ಅಧ್ಯಯನದಲ್ಲಿ ಭಾರತವೂ ಸೇರಿ 12 ದೇಶಗಳ 7,769 ಸೋಂಕಿತರು ಭಾಗವಹಿಸಿದ್ದರು. ಎಲ್ಲರೂ 40ರಿಂದ 75 ವಯಸ್ಸಿನವರು, ಹೃದಯಕ್ಕೆ ಹೆಚ್ಚಿನ ಅಪಾಯವಿದೆ ಎಂದು ಸಾಮಾನ್ಯ ಲೆಕ್ಕದಲ್ಲಿ ಕಾಣದವರು. ಪಿಟಾವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಗುಳಿಗೆಯನ್ನು ದಿನವೂ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಘಟನೆಗಳು 35 ಪ್ರತಿಶತ ಕಡಿಮೆಯಾದವು. ಇದನ್ನು ಓದಿ ನಾನು ಕೇಂದ್ರದಲ್ಲಿ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿಕೊಡಿ ಎಂದು ಕೇಳಿದೆ. ಡಾಕ್ಟರು ತಡಮಾಡದೆ ಚೀಟಿ ಬರೆದುಕೊಟ್ಟರು. ನಾನು ಓದುಬರಹ ಬಲ್ಲವಳು, ಕೇಳಿದೆ. ಅರಳೆ ಕೊಟ್ಟ ಆ ಅಕ್ಕನ ಪರವಾಗಿ ಕೇಳುವವರು ಯಾರು? ಬಿಪಿ ಯಂತ್ರ ಆ ಕೋಣೆಯ ಕಪಾಟಿನ ಮೇಲೆಯೇ ಇದೆ, ತಲೆ ತಿರುಗುತ್ತದೆ ಎಂದರೆ ಮಾತ್ರ ಕೆಳಗೆ ಬರುತ್ತದೆ.

ಬೇರೆ ವಿಭಾಗಕ್ಕೆ ಕಳಿಸುವ ವ್ಯವಸ್ಥೆಯನ್ನು ನಾನು ಈ ಸೇವೆಯ ಅತ್ಯಂತ ದುರ್ಬಲ ಕೊಂಡಿ ಎಂದು ಹೇಳುತ್ತೇನೆ. ಸಾಂಕ್ರಾಮಿಕವಲ್ಲದ ರೋಗಗಳಿಗೆ ಸರ್ಕಾರದ ಎನ್‌ಸಿಡಿ ಕ್ಲಿನಿಕ್ಕುಗಳಿವೆ. ಹಿರಿಯರ ಆರೋಗ್ಯ ಆರೈಕೆಗೆ 2010ರಿಂದ ಒಂದು ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಆದರೆ ಅವು ಬೇರೆ ಬಾಗಿಲು, ಬೇರೆ ಪಾಳಿ, ಬೇರೆ ದಿನ. ಅಲ್ಲಿಗೆ ಹೋದಾಗ ಹಸಿರು ಪುಸ್ತಕ ತೋರಿಸಬೇಕೋ ಬೇಡವೋ ಎಂಬ ಸಂಕಟ ಬೇರೆ. ತೋರಿಸಿದರೆ ಸುದ್ದಿ ಹೊರಬೀಳುವ ಭಯ, ತೋರಿಸದಿದ್ದರೆ ಔಷಧಗಳ ನಡುವಿನ ಜಗಳ ಯಾರಿಗೂ ತಿಳಿಯದೆ ಹೋಗುವ ಅಪಾಯ. ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿ, ರಕ್ತಪರೀಕ್ಷೆಯ ಫಲಿತಾಂಶ ಬಂದ ಮೇಲೆ, "ಯಂತ್ರ ಕೆಟ್ಟಿದೆ, ಮುಂದೆ ತಿಳಿಸುತ್ತೇವೆ" ಎಂದರು. ನನ್ನ ಜೊತೆ ಬಂದಿದ್ದ ನೆರೆಮನೆಯವರಿಗೆ ಅದೇ ದಿನ ಅದೇ ಯಂತ್ರದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಅವರಿಗೆ ಏನು ಹೇಳಲಿ ಎಂದು ಹೊರಗಿನ ಬೆಂಚಿನ ಮೇಲೆ ಕುಳಿತು ಯೋಚಿಸಿದ ಆ ಒಂದು ತಾಸನ್ನು ನಾನು ಮರೆಯಲಾರೆ.

ಹೀಗೆ ಮಾಡುವುದು ಕಾನೂನಿಗೆ ವಿರುದ್ಧ. ಎಚ್‌ಐವಿ ಮತ್ತು ಏಡ್ಸ್ ತಡೆಗಟ್ಟುವಿಕೆ ಮತ್ತು ನಿಯಂತ್ರಣ ಕಾಯ್ದೆ 2017ರಲ್ಲಿ ಬಂದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು ಅದರ ಪ್ರಕಾರ ತಾರತಮ್ಯ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಗುಟ್ಟು ಬಿಟ್ಟುಕೊಡುವಂತಿಲ್ಲ. ಪ್ರತಿ ರಾಜ್ಯವೂ ದೂರು ವಿಚಾರಿಸುವ ಓಂಬುಡ್ಸ್‌ಮನ್ ನೇಮಿಸಬೇಕು. ದೂರಿಗೆ 30 ದಿನಗಳಲ್ಲಿ, ತುರ್ತು ಚಿಕಿತ್ಸೆಯ ವಿಷಯವಾದರೆ 24 ಗಂಟೆಗಳಲ್ಲಿ ಆದೇಶವಾಗಬೇಕು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಆಸ್ಪತ್ರೆಗಳಲ್ಲಿ ದೂರು ಅಧಿಕಾರಿ ಇರಬೇಕು. ನಾನು ದೂರು ಕೊಡಲಿಲ್ಲ. ಆ ಕಾಯ್ದೆಯ ಹೆಸರನ್ನು ಆಗ ಕೇಳಿಯೇ ಇರಲಿಲ್ಲ. ಎಆರ್‌ಟಿ ಕೇಂದ್ರದ ಗೋಡೆಯ ಮೇಲೆ ಕ್ಷಯದ ಫಲಕ, ಕಾಂಡೋಮಿನ ಫಲಕ, ಪೌಷ್ಟಿಕ ಆಹಾರದ ಫಲಕ ಇವೆ. ದೂರನ್ನು ಎಲ್ಲಿ ಕೊಡಬೇಕು ಎಂದು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದ ಒಂದು ಫಲಕವನ್ನೂ ಅವುಗಳ ಪಕ್ಕ ಹಾಕಬೇಕು.

ನೀತಿ ರೂಪಿಸುವವರ ಲೆಕ್ಕದಲ್ಲಿ ನಾವು ಎಲ್ಲಿದ್ದೇವೆ ಎಂದು ಹುಡುಕಿದರೆ ಇನ್ನೊಂದು ಸಂಗತಿ ಕಾಣುತ್ತದೆ. ನಮ್ಮ ದೇಶದಲ್ಲಿ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಇಷ್ಟು ಎಂದು ಹೇಳುವಾಗ 15ರಿಂದ 49 ವಯಸ್ಸಿನವರನ್ನು ಎಣಿಸುತ್ತಾರೆ. ಸೋಂಕು ಹರಡುವುದನ್ನು ಅಳೆಯಲು ಆ ಲೆಕ್ಕ ಬೇಕು, ಒಪ್ಪುತ್ತೇನೆ. ಆದರೆ ಸುಮಾರು 25 ಲಕ್ಷ ಸೋಂಕಿತರಿರುವ ದೇಶದಲ್ಲಿ, ಚಿಕಿತ್ಸೆ ಯಶಸ್ವಿಯಾದಷ್ಟೂ ಐವತ್ತು ದಾಟಿದವರ ಸಂಖ್ಯೆ ಏರಲೇಬೇಕು. ಅಮೆರಿಕದಲ್ಲಿ ಸೋಂಕು ಪತ್ತೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗಾಗಲೇ ಐವತ್ತು ದಾಟಿದ್ದಾರೆ. ಅಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 18ನ್ನು ಎಚ್‌ಐವಿ ಮತ್ತು ವೃದ್ಧಾಪ್ಯದ ಜಾಗೃತಿ ದಿನವಾಗಿ ಆಚರಿಸುತ್ತಾರೆ. ಅಲ್ಲಿಯ ಸೋಂಕಿತರು 1983ರಲ್ಲೇ ಡೆನ್ವರ್ ನಗರದಲ್ಲಿ ಸೇರಿ, ನಮ್ಮ ಬಗ್ಗೆ ನಿರ್ಧಾರ ಆಗುವ ಪ್ರತಿ ಸಭೆಯಲ್ಲೂ ನಮಗೆ ಜಾಗ ಬೇಕು ಎಂದು ಘೋಷಿಸಿದ್ದರು. ಅದೇ ಬೇಡಿಕೆಯನ್ನು ನಮ್ಮ ಕಡೆಯ ಹಿರಿಯ ಸೋಂಕಿತರೂ ಜಿಲ್ಲಾ ಮಟ್ಟದಲ್ಲಿ ಇಡಬೇಕಾದ ಕಾಲ ಬಂದಿದೆ. ಸಂಧ್ಯಾ ಸುರಕ್ಷಾ ಪಿಂಚಣಿ 65 ವರ್ಷಕ್ಕೆ ಶುರುವಾಗುತ್ತದೆ. ಪಾದದ ನರ ಸತ್ತ ಕೂಲಿಕಾರನಿಗೆ ಐವತ್ತೈದಕ್ಕೇ ಹೊಲದ ಕೆಲಸ ಆಗದು. ಆ ಹತ್ತು ವರ್ಷ ಅವನು ಏನು ಉಣ್ಣಬೇಕು ಎಂಬುದು ನೀತಿಯ ಪ್ರಶ್ನೆ, ಯಾವ ಎಆರ್‌ಟಿ ಡಾಕ್ಟರೂ ಅದಕ್ಕೆ ಚೀಟಿ ಬರೆಯಲಾರರು.

ಹೆಂಗಸರ ಬಗ್ಗೆ ಒಂದು ಮಾತು ಸೇರಿಸಬೇಕು. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಆರು ಪಟ್ಟು ಹೆಚ್ಚು. ತಪಾಸಣೆಯನ್ನು 25ನೇ ವಯಸ್ಸಿನಿಂದಲೇ ಶುರು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನಗೆ ಆ ತಪಾಸಣೆ ಮೊದಲ ಸಲ ಆದದ್ದು ಐವತ್ತೆಂಟನೇ ವಯಸ್ಸಿನಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ, ಒಂದು ಬೆಳಿಗ್ಗೆ ಈ ಕೇಂದ್ರ ಹೇಗಿರಬಲ್ಲದು ಎಂಬುದನ್ನು ಕಂಡೆ ಎಂದೂ ಹೇಳಬೇಕು. ರಜೆಯ ಮೇಲಿದ್ದ ಡಾಕ್ಟರ ಬದಲಿಗೆ ಬಂದಿದ್ದ ಒಬ್ಬ ಯುವ ವೈದ್ಯೆ ನನ್ನ ಪುಸ್ತಕದಲ್ಲಿ ವಯಸ್ಸು ನೋಡಿ, "ಅಮ್ಮಾ, ಕೈ ಎರಡೂ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂತು ತೋರಿಸ್ರಿ" ಎಂದರು. ಮೂರು ಸಲ ಎದ್ದೆ, ನಾಲ್ಕನೆಯದಕ್ಕೆ ಮೇಜು ಹಿಡಿಯಬೇಕಾಯಿತು. ಅವರು ಕಾಲಿನ ಹೆಬ್ಬೆರಳಿಗೆ ಹತ್ತಿಯ ಎಳೆ ತಾಗಿಸಿ ನೋಡಿದರು, ಮನೆಯ ಬಚ್ಚಲಲ್ಲಿ ಹಿಡಿಕೆ ಇದೆಯೇ ಎಂದು ಕೇಳಿದರು, ರಾತ್ರಿ ಎದ್ದಾಗ ದೀಪ ಹಚ್ಚಿಕೊಳ್ಳಿ ಎಂದರು, ತೊಡೆಯ ಬಲಕ್ಕೆ ದಿನವೂ ಇದೇ ಎದ್ದು ಕೂರುವುದನ್ನು ಗೋಡೆಯ ಪಕ್ಕ ಮಾಡಿ ಎಂದು ತೋರಿಸಿಕೊಟ್ಟರು. ಏಳೆಂಟು ನಿಮಿಷದ ಕೆಲಸ, ಕುರ್ಚಿ ಬಿಟ್ಟರೆ ಬೇರೆ ಉಪಕರಣ ಬೇಕಾಗಲಿಲ್ಲ. ಮುಂದಿನ ವಾರವೇ ನಾನು ಬಚ್ಚಲಿಗೆ ಹಿಡಿಕೆ ಹಾಕಿಸಿದೆ. ಆ ಏಳೆಂಟು ನಿಮಿಷ ಒಬ್ಬ ವೈದ್ಯೆಯ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗದೆ, ಐವತ್ತು ತುಂಬಿದ ಪ್ರತಿಯೊಬ್ಬರ ಬಿಳಿ ಕಾರ್ಡಿನಲ್ಲಿ ವರ್ಷಕ್ಕೊಮ್ಮೆ ತುಂಬಲೇಬೇಕಾದ ಒಂದು ಪುಟವಾಗಬೇಕು ಎಂಬುದೇ ನನ್ನ ಬೇಡಿಕೆ. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಬಿದ್ದದ್ದು, ನಿದ್ದೆ, ಮರೆವು, ಎಲ್ಲ ಗುಳಿಗೆಗಳ ಪಟ್ಟಿ, ಮನೆಯಲ್ಲಿ ಜೊತೆಗಿರುವವರು: ಅಷ್ಟಕ್ಕೆ ಒಂದು ಪುಟ ಸಾಕು. ಇದನ್ನು ಒಂದು ಅರ್ಜಿಯಾಗಿ ಬರೆದು, ನಮ್ಮಲ್ಲಿ ಹನ್ನೊಂದು ಜನ ಸಹಿ ಹಾಕಿ, ಕೇಂದ್ರದ ವೈದ್ಯಾಧಿಕಾರಿಗೆ ಕೊಟ್ಟಿದ್ದೇವೆ. ಅವರು ಓದಿ, ಮೇಲಕ್ಕೆ ಕಳಿಸುವುದಾಗಿ ಹೇಳಿ, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿಕೊಟ್ಟಿದ್ದಾರೆ.

ವಯಸ್ಸಾದ ಮೇಲೆ ಸೋಂಕು ಪತ್ತೆಯಾಗಿ ಹೊಸದಾಗಿ ಬರುವವರಿಗೆ ಇಷ್ಟು ಹೇಳುತ್ತೇನೆ. ಗುಳಿಗೆಯ ವಿಷಯದಲ್ಲಿ ಈ ಸೇವೆಯನ್ನು ಕಣ್ಣುಮುಚ್ಚಿ ನಂಬಿರಿ, ದಾರಿ ಗೊತ್ತಾಗದಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಿ. ಮೊದಲ ಭೇಟಿಗೆ ಮನೆಯಲ್ಲಿರುವ ಎಲ್ಲ ಗುಳಿಗೆ, ಟಾನಿಕ್, ನಾಟಿ ಔಷಧಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಕೇಳದಿದ್ದರೂ ಮೇಜಿನ ಮೇಲೆ ಇಡಿ. ಬಿದ್ದಿದ್ದರೆ ಬಿದ್ದೆ ಎಂದು ಹೇಳಿ. ಬಿಪಿ ಯಂತ್ರ ಕಪಾಟಿನ ಮೇಲಿದೆ, ಕೆಳಗಿಳಿಸಲು ಹೇಳಿ. ಅವರು ಇಲ್ಲ ಎನ್ನುವುದಿಲ್ಲ.